ತರಗು ಬೆಂಕಿ ಕಂಡ ಕೊಡಲಿ

ನಾನು ಒಂದು ಕೊಡಲಿ. ಈಗ ನನಗೆ ಕಾವಿಲ್ಲ, ಬಾಯಿ ಮೊಂಡಾಗಿದೆ, ಬಾಗಿಲ ಹಿಂದಿನ ಮೂಲೆಯಲ್ಲಿ ಬಿದ್ದಿದ್ದೇನೆ. ಕೊಡಲಿ ಎಂದು ಹೇಳಿಕೊಳ್ಳುವುದಕ್ಕೂ ಸ್ವಲ್ಪ ಸಂಕೋಚವಾಗುತ್ತದೆ. ಆದರೆ ಹುಟ್ಟಿದ್ದು ಕೊಡಲಿಯಾಗಿ, ಕೋರ್ಟಿನ ಕಾಗದದಲ್ಲಿ ಬರೆದಿರುವುದೂ ‘ಕೊಡಲಿ ಒಂದು’ ಎಂದೇ. ಬೇರೆ ಹೆಸರು ಎಲ್ಲಿಂದ ತರಲಿ?

ಹಿಂದಿನ ಜನ್ಮದಲ್ಲಿ ನಾನು ಲಾರಿಯ ಕಮಾನುಪಟ್ಟೆಯಾಗಿದ್ದೆ. ಆ ಲಾರಿ ಬೆಟ್ಟದಿಂದ ಮರ ಇಳಿಸುತ್ತಿತ್ತು. ಒಂದು ತಿರುವಿನಲ್ಲಿ ಭಾರ ತಾಳದೆ ನಾನು ಮುರಿದೆ. ಡ್ರೈವರು ಬೈದು ಬಿಸಾಡಿದ. ಬೆಟ್ಟದ ಬುಡದ ಊರಿನಲ್ಲಿ ಚೌಡಾಚಾರಿ ಎಂಬ ಕಮ್ಮಾರನಿದ್ದ, ಅವನು ಎತ್ತಿಕೊಂಡು ಹೋಗಿ ಕುಲುಮೆಯಲ್ಲಿಟ್ಟ. ಕಾಯಿಸಿದ, ಬಡಿದ, ಮತ್ತೆ ಕಾಯಿಸಿದ. ಅವನಿಗೆ ಮಾತು ಕಡಿಮೆ, ಸಿಟ್ಟು ಜಾಸ್ತಿ. ಕೊನೆಗೆ ನನ್ನನ್ನು ನೀರಿಗೆ ಅದ್ದಿ, ಉಗುರಿನಿಂದ ಬಾಯಿ ಮುಟ್ಟಿ ನೋಡಿ, “ಇದು ಮೂರು ತಲೆಮಾರು ಬಾಳ್ತದ” ಅಂದ. ಅಷ್ಟೇ ಅವನು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು.

ನನ್ನನ್ನು ಮಾಡಿಸಿದವನು ಹೊಂಗೆಗುಂಡಿ ಪೋಡಿನ ಮುದ್ದೇಗೌಡ. ಪೋಡು ಎಂದರೆ ಸೋಲಿಗರ ಹಟ್ಟಿ. ಕಾಡಿನ ನಡುವೆ ಹದಿನೆಂಟು ಗುಡಿಸಲು, ಒಂದು ಮಾದಪ್ಪನ ಗುಡಿ, ಸುತ್ತ ರಾಗಿ ಹೊಲ. ಎರಡು ಬೊಂಬಿನ ಕೊಳವೆ ತುಂಬ ಜೇನು ಕೊಟ್ಟು ಅವನು ನನ್ನನ್ನು ಒಯ್ದ. ತಡಸಲು ಮರದ ಕೊಂಬೆ ಕಡಿದು, ಕೆತ್ತಿ, ಹರಳೆಣ್ಣೆ ಸವರಿ ಕಾವು ಹಾಕಿದ. ತಡಸಲು ಬಗ್ಗುತ್ತದೆ, ಮುರಿಯುವುದಿಲ್ಲ. ಅಂಥ ಕಾವು ಆಮೇಲೆ ನನಗೆ ಸಿಗಲಿಲ್ಲ.

ಕೊಡಲಿ ಕಾವು ಕುಲಕ್ಕೆ ಸಾವು ಅಂತ ಒಂದು ಗಾದೆ ಇದೆ. ಗಾದೆ ಕಟ್ಟಿದವರು ತಪ್ಪನ್ನೆಲ್ಲ ಬಡಪಾಯಿ ಕಾವಿನ ತಲೆಗೆ ಕಟ್ಟಿದರು. ಕಡಿಯುವವನು ನಾನು, ಮಾತು ಕೇಳುವುದು ಅದು. ಬಹಳ ವರ್ಷ ನಾನೂ ಇದಕ್ಕೆ ಒಳಗೊಳಗೇ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಮುದ್ದೇಗೌಡನ ಕೈಯಲ್ಲಿ ನನಗೆ ದೊಡ್ಡ ಕೆಲಸವೇನೂ ಇರಲಿಲ್ಲ. ಸೌದೆ, ಬೇಲಿ, ಗುಡಿಸಲಿನ ಗಳು. ಆದರೆ ವರ್ಷಕ್ಕೊಮ್ಮೆ, ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ, ಒಂದು ಕೆಲಸ ಬರುತ್ತಿತ್ತು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಉದುರಿದ ಒಣ ಎಲೆಗೆ ತರಗು ಅನ್ನುತ್ತಾರಲ್ಲ, ಆ ತರಗನ್ನು ಪೋಡಿನ ಮೇಲಿನ ಕರಡಿಬಾರೆಯಲ್ಲಿ ಅವರೇ ಸುಡುತ್ತಿದ್ದರು. ಬಾರೆ ಎಂದರೆ ಬೆಟ್ಟದ ಇಳಿಜಾರು. ಬೆಳಿಗ್ಗೆ ಎದ್ದವನೇ ಮುದ್ದೇಗೌಡ ಅಂಗಳದ ಒಂದು ಎಲೆ ತೆಗೆದು ಮುಷ್ಟಿಯಲ್ಲಿ ಹಿಸುಕುತ್ತಿದ್ದ. ಅಂಚು ಪುಡಿಯಾಗಿ, ನರದ ಹತ್ತಿರ ಇನ್ನೂ ಮೆತ್ತಗಿದ್ದರೆ ಅವತ್ತೇ ದಿನ. ಪೂರ್ತಿ ಪುಡಿಯಾದರೆ ತಡವಾಯಿತು ಎಂದು ಅರ್ಥ. ಇಬ್ಬನಿ ಮೇಲಿನ ಎಲೆಯಲ್ಲಿ ಆರಿ, ಕೆಳಗಿನ ಎಲೆಯಲ್ಲಿ ಉಳಿದಿರುವ ಹೊತ್ತಿಗೆ, ಗಾಳಿ ನಿಂತ ಮೇಲೆ, ಬಾರೆಯ ನೆತ್ತಿಯಿಂದ ಕೆಳಮುಖವಾಗಿ ಬೆಂಕಿ ಇಡುತ್ತಿದ್ದರು. ಮೇಲಕ್ಕೆ ಓಡುವ ಬೆಂಕಿಗೆ ಕಾಲು ಬರುತ್ತದೆ, ಕೆಳಕ್ಕೆ ಇಳಿಯುವ ಬೆಂಕಿ ಮುದುಕಿಯಂತೆ ಎಡವುತ್ತ ನಡೆಯುತ್ತದೆ. ಮೊಣಕಾಲು ದಾಟಿ ಉರಿದರೆ ಹಾಕಿದವನಿಗೆ ಬುದ್ಧಿಯಿಲ್ಲ ಎಂದು ಆಡಿಕೊಳ್ಳುತ್ತಿದ್ದರು. ನಾನು ಹಸಿ ಸೊಪ್ಪಿನ ಕೊಂಬೆ ಕಡಿದು ಕೊಡುತ್ತಿದ್ದೆ. ಆ ಕೊಂಬೆಗಳಿಂದ ಬೆಂಕಿಯನ್ನು ತಟ್ಟಿ, ಬೇಡದ ಕಡೆ ಹೋಗದಂತೆ ತಡೆಯುತ್ತಿದ್ದರು.

ತಿಂಗಳೊಪ್ಪತ್ತಿನಲ್ಲಿ ಬೂದಿಯ ಮೇಲೆ ಹುಲ್ಲು ಚಿಗುರುತ್ತಿತ್ತು. ಕಡವೆಗಳು ಬರುತ್ತಿದ್ದವು. ನೆಲ್ಲಿ ಮರ ಏರಿದ ಬಂದಳಿಕೆ ಆ ಸಣ್ಣ ಶಾಖಕ್ಕೇ ಒಣಗಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದರೂ ಕರಡಿಬಾರೆಯಲ್ಲಿ ಹತ್ತಿಕೊಳ್ಳಲು ಏನೂ ಉಳಿದಿರುತ್ತಿರಲಿಲ್ಲ. ಕೊಡಬೇಕಾದ್ದನ್ನು ಬೆಂಕಿಗೆ ಮೊದಲೇ ಕೊಟ್ಟುಬಿಟ್ಟರೆ ಅದು ಕೇಳಿಕೊಂಡು ಬರುವುದಿಲ್ಲ ಎನ್ನುವುದು ಮುದ್ದೇಗೌಡನ ಲೆಕ್ಕಾಚಾರ.

ಅವನು ಸತ್ತ ಮೇಲೆ ನಾನು ಮಗ ಅಚ್ಚುಗೇಗೌಡನ ಹೆಗಲಿಗೆ ಬಂದೆ. ಆಗ ಅವನಿಗೆ ಇಪ್ಪತ್ತೆರಡು. ಕಪ್ಪು ಮೈ, ಉದ್ದ ತೋಳು, ಸದಾ ಒಂದು ಶಿಳ್ಳೆ. ಅದೇ ವರ್ಷ ಕರಡಿಬಾರೆಯ ನೆತ್ತಿಯಲ್ಲಿ ಕೂಪು ಬಿತ್ತು. ಇಲಾಖೆಯವರು ಗುರುತು ಹಾಕಿ ಕಡಿಯಲು ಗುತ್ತಿಗೆ ಕೊಟ್ಟ ಕಾಡಿನ ತುಂಡಿಗೆ ಕೂಪು ಅನ್ನುತ್ತಾರೆ. ಪೋಡಿನ ಗಂಡಸರಿಗೆಲ್ಲ ಕೂಲಿ ಸಿಕ್ಕಿತು. ಅಚ್ಚುಗೇಗೌಡನೂ ನಾನೂ ಹೋದೆವು.

ನಿಜ ಹೇಳುತ್ತೇನೆ, ಆ ಐದು ವರ್ಷ ನನಗೆ ಸೊಕ್ಕು ಬಂದಿತ್ತು. ಹೊನ್ನೆ ಕಡಿದರೆ ಕೆಂಪು ರಸ ಸುರಿಯುತ್ತಿತ್ತು, ಮತ್ತಿ ಕಡಿದರೆ ನೀರು ಚಿಮ್ಮುತ್ತಿತ್ತು, ಬೀಟೆ ಕಡಿದರೆ ಪರಿಮಳ. ಮೂರು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಮರಗಳು ನನ್ನೆದುರು ಒಂದು ಬೆಳಗು ನಿಲ್ಲುತ್ತಿರಲಿಲ್ಲ. ಅಚ್ಚುಗೇಗೌಡನ ಏಟಿಗೆ ತಪ್ಪುವುದೆಂದರೆ ಗೊತ್ತಿರಲಿಲ್ಲ. ಮೇಸ್ತ್ರಿಗಳು ಅವನನ್ನು ಹೆಸರಿಟ್ಟು ಕರೆಯುತ್ತಿದ್ದರು. ನಾವಿಬ್ಬರೂ ಉಬ್ಬಿಹೋದೆವು.

ದಿಮ್ಮಿಗಳು ಲಾರಿ ಏರಿ ಹೋದವು. ತುದಿ, ಕೊಂಬೆ, ರೆಂಬೆ, ಸಿಪ್ಪೆ ಎಲ್ಲ ಬಿದ್ದಲ್ಲೇ ಬಿದ್ದಿತ್ತು. ಅಚ್ಚುಗೇಗೌಡ ಮೇಸ್ತ್ರಿಯನ್ನು ಕೇಳಿದ: “ಸಾಮಿ, ಈ ಕಸ ಯಾರ್ ತಗೀತರ? ಒಣಗುದ್ರ ಬೆಂಕಿಗ ಹಾಸಿಗ ಹಾಸ್ದಂಗ ಆಯ್ತದ.”

“ದಿಮ್ಮಿ ನಮ್ದು, ಕಸ ಕಾಡಿಂದು” ಅಂದ ಮೇಸ್ತ್ರಿ. ಸುತ್ತ ನಿಂತವರು ನಕ್ಕರು. ಅಚ್ಚುಗೇಗೌಡನೂ ನಕ್ಕ.

ದೊಡ್ಡ ಮರಗಳು ಹೋದ ಜಾಗದಲ್ಲಿ ಆಕಾಶ ಕಾಣಿಸಿತು. ಬಿಸಿಲು ನೆಲ ಮುಟ್ಟಿತು. ಅಲ್ಲಿಯವರೆಗೆ ಮಾರ್ಚಿನಲ್ಲೂ ತಂಪಾಗಿರುತ್ತಿದ್ದ ಮಣ್ಣು ಜನವರಿಗೇ ಬಿರುಕು ಬಿಡತೊಡಗಿತು. ಬಿಸಿಲಿನ ಹಿಂದೆಯೇ ಲಂಟಾನ ಬಂತು. ಮೊದಲು ರಸ್ತೆಯ ಅಂಚಿನಲ್ಲಿ ನಾಲ್ಕು ಹೂವು, ನೋಡಲು ಚೆಂದ. ಆಮೇಲೆ ಆಳೆತ್ತರ, ಆಮೇಲೆ ಆನೆಯೆತ್ತರ. ಒಳಗೆ ಕೈ ಹಾಕಿದರೆ ಕೈ ಕಾಣದು. ಇದರಲ್ಲಿ ನನ್ನ ಪಾಲು ಎಷ್ಟು ಅಂತ ನಾನು ಆಗ ಯೋಚಿಸಲಿಲ್ಲ. ಮೂಲೆಗೆ ಬಿದ್ದ ಮೇಲೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿದೆ.

ಮುಂದೊಂದು ವರ್ಷ ಕಾಡು ಅಭಯಾರಣ್ಯವಾಯಿತು. ಕೂಪು ನಿಂತಿತು. ಬೇಟೆ ನಿಂತಿತು. ಪೋಡನ್ನು ನಡುಕಾಡಿನಿಂದ ಎಬ್ಬಿಸಿ ಕರಡಿಬಾರೆಯ ಬುಡದಲ್ಲಿ, ರಸ್ತೆ ಪಕ್ಕ ಇಟ್ಟರು. ಜೊತೆಗೆ ತರಗು ಬೆಂಕಿಯನ್ನೂ ನಿಲ್ಲಿಸಿದರು. ಕಾಡಿಗೆ ಬೆಂಕಿ ಇಡುವುದು ಅಪರಾಧ, ಕಡ್ಡಿ ಗೀರಿದವರು ಜೈಲಿಗೆ ಎಂದು ಬೋರ್ಡು ಹಾಕಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಯಿತು. ಕೋಟೆಯ ಒಳಗೆ ಉಳಿದದ್ದು ನಾವು ಕಡಿದು ಬಿಟ್ಟ ಕಸ, ಲಂಟಾನ ಮತ್ತು ವರ್ಷ ವರ್ಷ ಬೀಳುವ ತರಗು. ಮರ ಕಡಿಯುವುದನ್ನು ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕಡಿದು ಕಡಿದು ನನಗೂ ಸಾಕಾಗಿತ್ತು. ಆದರೆ ಮುಟ್ಟದೆ ಬಿಟ್ಟರೆ ಕಾಡು ತನ್ನಷ್ಟಕ್ಕೆ ಮೊದಲಿನಂತಾಗುತ್ತದೆ ಎಂದುಕೊಂಡರಲ್ಲ, ಅದು ತಪ್ಪು. ನಾವು ಅದನ್ನು ಮೊದಲೇ ಮುಟ್ಟಿಬಿಟ್ಟಿದ್ದೆವು.

ಅಚ್ಚುಗೇಗೌಡನ ಶಿಳ್ಳೆ ಯಾವಾಗ ನಿಂತಿತೋ ನೆನಪಿಲ್ಲ. ಹೆಂಡತಿ ತೀರಿಕೊಂಡಳು. ಮಗಳು ಜಡಿಯಮ್ಮ ಬೆಳೆದಳು. ಅವಳು ಹುಟ್ಟುವ ಹೊತ್ತಿಗೆ ತರಗು ಬೆಂಕಿ ನಿಂತು ಆರು ವರ್ಷವಾಗಿತ್ತು. ಆ ಹೆಸರು ಕೇಳಿದ್ದಳು ಅಷ್ಟೇ. ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಯಾರೋ ಸಂಸ್ಥೆಯವರು ಬಂದು ಹೆಂಗಸರಿಗೆ ಕಲಿಸಿದರು. ಆ ಕಡ್ಡಿ ಕಡಿಯಲು ಅವಳು ನನ್ನನ್ನು ಒಯ್ಯುತ್ತಿದ್ದಳು. ಬೀಟೆ ಉರುಳಿಸಿದವನಿಗೆ ಬುಟ್ಟಿ ಕಡ್ಡಿಯ ಕೆಲಸ. ಅವಮಾನ ಎನ್ನಿಸಲಿಲ್ಲ, ಇದಾದರೂ ತೀರಲಿ ಎನ್ನಿಸಿತು. ತೀರಲಿಲ್ಲ. ಒಂದು ಕಡಿದರೆ ಬುಡದಿಂದ ಹತ್ತು ಚಿಗುರುತ್ತಿತ್ತು. ತಡಸಲಿನ ಕಾವು ಒಂದು ಮಳೆಗಾಲ ಸೀಳಿತು. ಕಾಡಿನೊಳಗೆ ಹೋಗಿ ಕೊಂಬೆ ಕಡಿಯುವ ಹಾಗಿರಲಿಲ್ಲ. ಅಚ್ಚುಗೇಗೌಡ ನೀಲಗಿರಿಯ ಒಂದು ತುಂಡು ಹಾಕಿದ. ಅದು ಕೈಗೆ ಕೂರದೆ ಕೊನೆಯವರೆಗೂ ತಿರುಗುತ್ತಲೇ ಇತ್ತು.

ಅರವತ್ತು ದಾಟಿದ ಮೇಲೆ ಅವನಿಗೆ ಇಲಾಖೆಯವರೇ ಕೆಲಸ ಕೊಟ್ಟರು. ಬೇಸಿಗೆಯ ನಾಲ್ಕು ತಿಂಗಳು ಬೆಂಕಿ ವಾಚರ್. ಖಾಕಿ ಅಂಗಿ, ಒಂದು ಟಾರ್ಚು, ಜೊತೆಗೆ ನಾನು. ರಸ್ತೆಯ ಉದ್ದಕ್ಕೂ ಪೊದೆ ಕಡಿದು, ಗುಡಿಸಿ, ಬೆಂಕಿ ದಾಟದಂತೆ ಬರಿ ನೆಲದ ಪಟ್ಟೆ ಮಾಡುವುದು ನಮ್ಮ ಕೆಲಸ. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು. ಸಾಹೇಬರು ಜೀಪಿನಲ್ಲಿ ಬಂದರೆ ರೇಖೆ ಚೆನ್ನಾಗಿ ಕಾಣುತ್ತಿತ್ತು. ಹತ್ತು ಹೆಜ್ಜೆ ಒಳಗೆ ಹೋದರೆ ಮೂವತ್ತೈದು ವರ್ಷದ ತರಗು ಮೊಣಕಾಲುದ್ದ ಬಿದ್ದಿತ್ತು. ಆ ವರ್ಷ ಬಿದಿರೂ ಹೂಬಿಟ್ಟು ಮೆಳೆಮೆಳೆಯೇ ಸತ್ತು ಒಣಗಿ ನಿಂತಿತ್ತು. ಗಾಳಿ ಬೀಸಿದರೆ ಇಡೀ ಬಾರೆ ಕಟಕಟ ಅನ್ನುತ್ತಿತ್ತು. ಅಚ್ಚುಗೇಗೌಡ ನಿಂತು ಕೇಳಿಸಿಕೊಳ್ಳುತ್ತಿದ್ದ. ಬಾರೆಯ ಬುಡದಲ್ಲಿ ಪೋಡು, ಪೋಡಿನಲ್ಲಿ ಮಗಳು, ಮೊಮ್ಮಕ್ಕಳು. ಅವನಿಗೆ ಹೆದರಿಕೆಯಾಯಿತು.

ಫಾರೆಸ್ಟರ್ ಬಸಲಿಂಗಪ್ಪ ಹೊಸದಾಗಿ ಬಂದಿದ್ದ. ಬಿಜಾಪುರದ ಕಡೆಯ ಬಯಲುಸೀಮೆಯವನು. ಕೆಟ್ಟವನಲ್ಲ. ರೊಟ್ಟಿ ಸಿಗದೆ, ಮುದ್ದೆ ನುಂಗಲು ಬಾರದೆ ಸೊರಗಿದ್ದ. ಇಲ್ಲಿಯ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ತಲೆಯಾಡಿಸುತ್ತಿದ್ದ. ಜನವರಿಯ ಒಂದು ಬೆಳಿಗ್ಗೆ ಅಚ್ಚುಗೇಗೌಡ ಅವನ ಮುಂದೆ ನಿಂತು, ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿ ತೋರಿಸಿದ.

“ನೋಡಿ ಬುದ್ದಿ, ಇವತ್ತು ನಾಳ ಸರಿಯಾದ ಹೊತ್ತು. ಕರಡಿಬಾರ ಮ್ಯಾಲ ಒಸಿ ತರಗು ಬೆಂಕಿ ಹಾಕಕ ಅಪ್ಪಣ ಕೊಡಿ. ಮೊಣಕಾಲ್ಗಂಟ ಬರದಂಗ ನಾನ್ ನೋಡ್ಕತೀನಿ. ಇಲ್ದಿದ್ರ ಮಾರ್ಚಿಗ ಅದೇ ಬಂದು ಪೋಡ್ನ ನುಂಗ್ತದ.”

ಬಸಲಿಂಗಪ್ಪ ಗಾಬರಿಯಾದ. “ಏನ್ ಗೌಡ್ರ, ಬೆಂಕಿ ಆರ್ಸಾಕ ಇಟ್ಟ ಮನಶ್ಯಾನ ಬೆಂಕಿ ಹಚ್ಚತೀನಿ ಅಂದ್ರ ಹ್ಯಾಂಗ? ನನ್ನ ನೌಕರಿ ಉಳೀತೈತೇನು? ಈ ಮಾತು ಮತ್ತ ಆಡಬ್ಯಾಡ್ರಿ.”

ಅಚ್ಚುಗೇಗೌಡ ಇನ್ನೆರಡು ಸಲ ಹೋಗಿ ಕೇಳಿದ. ಮೂರನೆಯ ಸಲ ಎಲೆ ಪೂರ್ತಿ ಪುಡಿಯಾಯಿತು. ಆಮೇಲೆ ಕೇಳಲಿಲ್ಲ.

ಬೆಂಕಿ ಮಾರ್ಚ್ ಮಧ್ಯದಲ್ಲಿ, ನಡುಮಧ್ಯಾಹ್ನ ಬಂತು. ಎಲ್ಲಿಂದ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬಾರೆಯ ಆಚೆ ಮಗ್ಗುಲಿನಿಂದ ಏರಿ, ನೆತ್ತಿ ದಾಟಿ, ಸತ್ತ ಬಿದಿರಿನ ಮೆಳೆ ಹಿಡಿಯಿತು. ಗಂಟುಗಳು ಗುಂಡು ಹೊಡೆದಂತೆ ಸಿಡಿದವು. ನೆಲದ ಬೆಂಕಿ ಲಂಟಾನ ಏರಿತು, ಲಂಟಾನದಿಂದ ಮರದ ತುದಿಗೆ ಹೋಯಿತು. ನಾನು ಕಂಡ ಬೆಂಕಿಗಳೆಲ್ಲ ಕಾಲಿನ ಬಳಿ ಇರುತ್ತಿದ್ದವು, ಇದು ತಲೆಯ ಮೇಲಿತ್ತು. ಬೆಂಕಿ ರೇಖೆಯನ್ನು ಅದು ನೋಡಲೂ ಇಲ್ಲ. ಕಿಡಿಗಳು ಮೇಲಿಂದಲೇ ಹಾರಿ ರಸ್ತೆ ದಾಟಿದವು.

ಅಚ್ಚುಗೇಗೌಡ ಪೋಡಿನ ಮೇಲೆ ನಿಂತು ಪೊದೆ ಕಡಿಯತೊಡಗಿದ. ಮುದುಕನ ಕೈಯಲ್ಲಿ ಆ ಹೊತ್ತು ಕೂಪಿನ ಕಾಲದ ಬಲ ಬಂದಿತ್ತು. ಕೆಳಗೆ ಜಡಿಯಮ್ಮ ಮಕ್ಕಳನ್ನೂ ಮುದುಕಿಯರನ್ನೂ ಕೆರೆಯ ಕಡೆಗೆ ಓಡಿಸುತ್ತಿದ್ದಳು. “ಅಪ್ಪಾ, ಬುಟ್ಟು ಬಾ! ಬುಟ್ಟು ಬಾ ಅಪ್ಪಾ!” ಎಂದು ಕೂಗಿದಳು. ನೀಲಗಿರಿಯ ಕಾವು ಬೆವರಿನ ಕೈಯಲ್ಲಿ ತಿರುಗಿತು. ನಾನು ಜಾರಿ ಬಿದ್ದೆ. ಅವನು ಬಗ್ಗಿ ಹುಡುಕಿದ, ಹೊಗೆಯಲ್ಲಿ ಕಾಣಲಿಲ್ಲ, ಕೆಮ್ಮುತ್ತ ಓಡಿದ. ಬೆಂಕಿ ನನ್ನ ಮೇಲೆ ಹಾದುಹೋಯಿತು. ಕಾವು ಉರಿದು ಬೂದಿಯಾಯಿತು. ಚೌಡಾಚಾರಿ ಕೊಟ್ಟ ಹದ ಅಲ್ಲಿಗೆ ಮುಗಿಯಿತು. ಹದ ತಪ್ಪಿದ ಕಬ್ಬಿಣ ತಗಡಿಗೆ ಸಮ. ಅಂಥ ಅಲಗು ಮತ್ತೆ ಹರಿತ ಹಿಡಿಯುವುದಿಲ್ಲ.

ಜನ ಉಳಿದರು. ಹದಿನೆಂಟು ಮನೆಗಳಲ್ಲಿ ಹನ್ನೊಂದು ಸುಟ್ಟವು. ಕಾಡು ಎಷ್ಟು ಹೋಯಿತೆಂದು ಪೇಪರಿನವರು ಬೇರೆ ಬೇರೆ ಸಂಖ್ಯೆ ಬರೆದರು. ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ, ಹಚ್ಚಿದವರು ಯಾರು? ಮೂರು ದಿನದೊಳಗೆ ಒಂದು ಹೆಸರು ಬೇಕು.

ಬಸಲಿಂಗಪ್ಪ ಬೂದಿಯಲ್ಲಿ ನನ್ನನ್ನು ಕಂಡು ಎತ್ತಿಕೊಂಡ. ರೇಂಜ್ ಆಫೀಸಿನಲ್ಲಿ ಕಾಗದ ಹಾರದಂತೆ ನನ್ನನ್ನೇ ಮೇಜಿನ ಮೇಲೆ ಭಾರಕ್ಕೆ ಇಟ್ಟು, ಅಚ್ಚುಗೇಗೌಡನ ಹೇಳಿಕೆ ಬರೆಯಲು ಕೂತ. ಇಬ್ಬರೂ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಅಚ್ಚುಗೇಗೌಡನ ಗಂಟಲು ಹೊಗೆಗೆ ಕಟ್ಟಿಹೋಗಿತ್ತು. ಆದರೂ ಅವನಿಗೆ ಒಂದು ಆಸೆ ಇತ್ತು. ಈಗಲಾದರೂ ಇವರಿಗೆ ತಿಳಿಸಿ ಹೇಳಿದರೆ ಮುಂದಿನ ವರ್ಷ ಉಳಿದ ಏಳು ಮನೆ ಉಳಿಯಬಹುದು ಎಂದು.

“ಮೊದ್ಲು ನಾವೇ ಬುದ್ದಿ, ನಮ್ಮಪ್ಪ, ನಾನು, ಎಲ್ಲಾರೂವ. ಕರಡಿಬಾರ ಮ್ಯಾಲ ತರಗು ಬೆಂಕಿ ನಾವೇ ಹಾಕ್ತಿದ್ದೋ” ಅಂದ. ‘ಹಾಕ್ತಿದ್ದೋ’ ಅನ್ನುವಾಗ ಕೆಮ್ಮು ಬಂತು. ತಕಾರ ಗಂಟಲಲ್ಲೇ ಉಳಿಯಿತು.

ಬಸಲಿಂಗಪ್ಪ ತಲೆ ಎತ್ತಿದ. “ಏನಂದ್ರಿ? ನೀವ ಹಾಕಿದ್ದೇನು?”

“ಹೂಂ ಬುದ್ದಿ. ನಾವೇ.”

ಹಾಕ್ತಿದ್ದೋ ಎಂದರೆ ಹಿಂದೆ ಹಾಕುತ್ತಿದ್ದೆವು. ಹಾಕಿದ್ದೋ ಎಂದರೆ ಹಾಕಿದ್ದೆವು, ಮುಗಿಯಿತು. ನಡುವೆ ಒಂದು ತ-ಒತ್ತು, ಅದರ ಬಾಲದಲ್ಲಿ ಮೂವತ್ತೈದು ವರ್ಷ. ಫಾರೆಸ್ಟರ್ ಬರೆದದ್ದನ್ನು ನಿಯಮದಂತೆ ಗಟ್ಟಿಯಾಗಿ ಓದಿದ: “ಕರಡಿಬಾರೆಯಲ್ಲಿ ತರಗಿಗೆ ನಾವೇ ಬೆಂಕಿ ಹಾಕಿದ್ದೆವು.” ಕಾಗದದ ಕನ್ನಡ ಅಚ್ಚುಗೇಗೌಡನಿಗೆ ಯಾವಾಗಲೂ ದೂರದ ನೆಂಟ. ಹೇಳಿದ್ದನ್ನೇ ಬರೆದಿದ್ದಾರೆ ಎಂದುಕೊಂಡ. ಇಷ್ಟು ವರ್ಷಕ್ಕೆ ತನ್ನ ಮಾತು ಒಬ್ಬರು ಬರೆದುಕೊಂಡರಲ್ಲ ಎಂಬ ಸಮಾಧಾನ ಬೇರೆ. ಹೆಬ್ಬೆಟ್ಟು ಒತ್ತಿದ. ನಾನು ಆ ಕಾಗದದ ಮೇಲೆಯೇ ಕೂತಿದ್ದೆ. ನನಗೆ ಬಾಯಿ ಇದ್ದೂ ಮಾತಿಲ್ಲ.

ಎರಡು ವಾರ ಜೈಲು, ಆಮೇಲೆ ಜಾಮೀನು, ಆಮೇಲೆ ಆರು ವರ್ಷ ಕೋರ್ಟು. ವಾಚರ್ ಕೆಲಸ ಹೋಯಿತು. ಕಾಡಿನೊಳಗೆ ಕಾಲಿಡಬಾರದೆಂದು ಷರತ್ತು. ಹುಟ್ಟಿದಂದಿನಿಂದ ಕಾಡಿನೊಳಗೇ ಇದ್ದವನು ರಸ್ತೆಯ ಬದಿಯ ಮೋರಿಕಟ್ಟೆಯ ಮೇಲೆ ಕೂತು ಕಾಡು ನೋಡುತ್ತಿದ್ದನಂತೆ. ನಾನು ಜಪ್ತಿ ಮಾಲಾಗಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು, ರೇಂಜ್ ಆಫೀಸಿನ ಉಗ್ರಾಣದಲ್ಲಿ ತುಕ್ಕು ಹಿಡಿಯುತ್ತಿದ್ದೆ.

ಕೊನೆಯ ವಿಚಾರಣೆಯ ದಿನ ಬಸಲಿಂಗಪ್ಪ ನನ್ನನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಪೇಟೆಯ ಬಸ್ಸು ಹತ್ತಿದ. ಅದೇ ಬಸ್ಸಿಗೆ ಪೋಡಿನ ಬಳಿ ಅಚ್ಚುಗೇಗೌಡನೂ ಜಡಿಯಮ್ಮನೂ ಹತ್ತಿದರು. ಆ ರಸ್ತೆಗೆ ಇರುವುದು ಅದೊಂದೇ ಬಸ್ಸು. ಬೇರೆ ಸೀಟಿಲ್ಲದೆ ಆರೋಪಿಯೂ ಸಾಕ್ಷಿಯೂ ಪಕ್ಕಪಕ್ಕ ಕೂತರು. ನಾನು ಇಬ್ಬರ ನಡುವೆ ಇದ್ದೆ.

ಆರು ವರ್ಷದಲ್ಲಿ ಬಸಲಿಂಗಪ್ಪ ಇಲ್ಲಿಯ ಮಾತು ಕಲಿತಿದ್ದ, ಮುದ್ದೆಯನ್ನೂ ಕಲಿತಿದ್ದ. ಕಿಟಕಿಯ ಕಡೆ ನೋಡುತ್ತ ಅಂದ: “ಗೌಡ್ರ, ಅವತ್ತು ನಾ ನಿಮ್ಮ ಮಾತು ತಪ್ಪು ತಿಳಕೊಂಡೆ. ಈಗ ತಿಳೀತೈತಿ.”

“ಅಂಗಂತ ಅಲ್ಲಿ ಯೋಳಿ ಬುದ್ದಿ.”

“ನಾ ಬರದದ್ದು ಸುಳ್ಳು ಅಂತ ನಾನ ಹೇಳಿದ್ರ ನೌಕರಿ ಹೋಗತೈತಿ. ನನಗ ಎರಡು ಹೆಣ್ಣುಮಕ್ಳು ಅದಾವು, ಗೌಡ್ರ.”

ಅಚ್ಚುಗೇಗೌಡ ಟಿಕೆಟನ್ನು ಮಡಿಸಿ ಮಡಿಸಿ ಕಿವಿಯ ಹಿಂದೆ ಇಟ್ಟುಕೊಂಡ.

ಸರ್ಕಾರ ಕೊಟ್ಟ ವಕೀಲೆ ಚುರುಕಿನ ಹೆಣ್ಣುಮಗಳು. ಕಾರಿಡಾರಿನಲ್ಲಿ ಅವನಿಗೆ ಹೇಳಿಕೊಟ್ಟಳು: “ಅಜ್ಜಾ, ಹಳೇ ಕತೆ ಏನೂ ತೆಗೀಬೇಡಿ. ಅಪ್ಪ, ತಾತ, ತರಗು ಏನೂ ಬೇಡ. ಬೆಂಕಿ ಹಾಕಿದ್ಯಾ ಅಂದ್ರೆ ಇಲ್ಲ ಅನ್ನಿ. ಹಾಕೋದು ಗೊತ್ತಾ ಅಂದ್ರೆ ಗೊತ್ತಿಲ್ಲ ಅನ್ನಿ. ಮನೆಗೆ ಹೋಗ್ತೀರಿ.” ಜಡಿಯಮ್ಮ ಅಪ್ಪನ ಕೈ ಹಿಡಿದು, “ಅಷ್ಟೇ ಯೋಳು ಅಪ್ಪ. ನನ್ನ ಮ್ಯಾಲ ದಯ ಇದ್ರ ಅಷ್ಟೇ ಯೋಳು” ಅಂದಳು.

ನ್ಯಾಯಾಧೀಶರು ನನ್ನನ್ನು ತೋರಿಸಿ ಇದು ನಿನ್ನದೇ ಎಂದು ಕೇಳಿದರು. ನಮ್ಮಪ್ಪಂದು ಅಂದ. ಬೆಂಕಿ ಹಾಕಿದೆಯಾ? ಇಲ್ಲ ಬುದ್ದಿ. ಕಾಡಿಗೆ ಬೆಂಕಿ ಹಾಕುವ ಪದ್ಧತಿ ನಿಮ್ಮಲ್ಲಿ ಉಂಟಂತೆ, ನಿನಗೆ ಗೊತ್ತೇ?

ಅಚ್ಚುಗೇಗೌಡ ಮಗಳ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದನೆಂದು ನನಗೆ ಅನ್ನಿಸಿತು. ನನ್ನ ಭ್ರಮೆಯೂ ಇರಬಹುದು. “ಬೆಂಕಿ ಹಾಕಾದು ನಂಗ ಗೊತ್ತಿಲ್ಲ ಬುದ್ದಿ” ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆರೋಪಿಯಿಂದ ಕೋರ್ಟಿನಲ್ಲಿ ಪ್ರಮಾಣ ಕೇಳುವುದಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಆದರೆ ಪೋಡಿನಲ್ಲಿ ನ್ಯಾಯಕ್ಕೆ ನಿಂತವನು ಆಣೆಯಿಲ್ಲದೆ ಮಾತು ಮುಗಿಸಿದರೆ ಅದು ಮಾತೇ ಅಲ್ಲ. ಅವನು ಬಗ್ಗಿ ನೆಲ ಮುಟ್ಟಿ, “ಮಾದಪ್ಪನಾಣೆಗೂ ಗೊತ್ತಿಲ್ಲ” ಅಂದುಬಿಟ್ಟ. ಜಡಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳೊಬ್ಬಳಿಗೇ ಅದು ಅರ್ಥವಾದದ್ದು. ವಕೀಲೆ ಸಂತೋಷದಿಂದ ಪೆನ್ನಿನ ಕ್ಯಾಪು ಹಾಕಿದಳು.

ಅವರ ಪೋಡಿನಲ್ಲಿ ಸುಳ್ಳು ಆಣೆಗೆ ಶಿಕ್ಷೆ ಇಲ್ಲ. ಆಣೆ ಹಾಕಿದವನು ಅದನ್ನು ನಿಜ ಮಾಡಿಕೊಂಡು ಬದುಕಬೇಕು, ಅಷ್ಟೇ. ಮುದ್ದೇಗೌಡನ ಕಾಲದಲ್ಲಿ ಒಬ್ಬ, ಪಕ್ಕದ ಪೋಡಿನವರ ಜೇನುಬಂಡೆಯ ದಾರಿ ತನಗೆ ಗೊತ್ತೇ ಇಲ್ಲ ಎಂದು ಸುಳ್ಳು ಆಣೆ ಹಾಕಿದ್ದ. ಮತ್ತೆ ಸಾಯುವವರೆಗೆ ಆ ದಾರಿಯಲ್ಲಿ ಹೆಜ್ಜೆ ಇಡಲಿಲ್ಲ. ಒಂದು ಸಲ ಅವನ ಎಮ್ಮೆಯೇ ಆ ದಾರಿಯಲ್ಲಿ ತಪ್ಪಿಸಿಕೊಂಡಾಗಲೂ ಇತ್ತಲೇ ನಿಂತು ಕೂಗಿದನಂತೆ.

ಅಚ್ಚುಗೇಗೌಡನ ಬಿಡುಗಡೆಯಾಯಿತು. ನನ್ನನ್ನೂ ವಾಪಸು ಕೊಟ್ಟರು. ಜಡಿಯಮ್ಮ ಒಮ್ಮೆ ಕಮ್ಮಾರನ ಹತ್ತಿರ ಒಯ್ದಳು. ಚೌಡಾಚಾರಿಯ ಮೊಮ್ಮಗ ನನ್ನನ್ನು ಕಲ್ಲಿಗೆ ತಟ್ಟಿ ಸದ್ದು ಕೇಳಿ, “ಇದು ಸತ್ತದ ಕನಕ್ಕ” ಅಂದ. ಅಂದಿನಿಂದ ನನಗೆ ಈ ಬಾಗಿಲ ಹಿಂದಿನ ಜಾಗ. ಇಲ್ಲಿಂದ ಅಂಗಳ ಕಾಣುತ್ತದೆ, ಅದರಾಚೆ ಕರಡಿಬಾರೆ ಕಾಣುತ್ತದೆ. ಸುಟ್ಟ ಮೇಲೆ ಅಲ್ಲಿ ಮೊದಲು ಎದ್ದದ್ದು ಲಂಟಾನವೇ. ನೋಡನೋಡುತ್ತ ಮತ್ತೆ ಆಳೆತ್ತರವಾಯಿತು. ಬೆಂದು ನಿಂತ ಮರಗಳು ಒಂದೊಂದಾಗಿ ಅದರೊಳಗೆ ಮುರಿದು ಬೀಳುತ್ತಿವೆ.

ಈ ವರ್ಷ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಒಂದು ಜೀಪು ಬಂತು. ಬಸಲಿಂಗಪ್ಪ ಇಳಿದ. ತಲೆ ನರೆತಿದೆ, ಕೈಯಲ್ಲಿ ಕಾಗದ. ಮೇಲಿನವರ ಆದೇಶ ಬಂದಿದೆಯಂತೆ. ಬೇಸಿಗೆಗೆ ಮುಂಚೆ ಆಯ್ದ ಇಳಿಜಾರುಗಳಲ್ಲಿ ಸಣ್ಣಗೆ ಬೆಂಕಿ ಹಾಕಿ ತರಗು ಕಳೆಯಬೇಕು, ಸ್ಥಳೀಯರ ತಿಳಿವಳಿಕೆ ಪಡೆಯಬೇಕು. ಪಟ್ಟಿಯಲ್ಲಿ ಮೊದಲ ಹೆಸರು ಕರಡಿಬಾರೆ. ಅದನ್ನು ಓದುವಾಗ ಅವನ ಮುಖದಲ್ಲಿ ನಾಚಿಕೆಯೂ ಇತ್ತು, ಸಂತೋಷವೂ ಇತ್ತು.

“ಗೌಡ್ರ, ನೀವು ಕೇಳಿದ್ದು ಈಗ ಬಂದೈತಿ. ತಡ ಆತು, ಹೌದು. ಹೇಳ್ರಿ, ಯಾವತ್ತು ಹಚ್ಚೂಣು? ಎಲ್ಲಿಂದ ಸುರು ಮಾಡೂಣು? ನಿಮ್ಮ ವಾರಿಗಿಯವರು ಯಾರೂ ಉಳದಿಲ್ಲ. ಗೊತ್ತಿದ್ದವರು ನೀವೊಬ್ರ.”

ಅಚ್ಚುಗೇಗೌಡ ಅಂಗಳದ ಬಿಸಿಲಿನಲ್ಲಿ ಕೂತಿದ್ದ. ಕೈ ತಾನಾಗಿ ಹೋಗಿ ಒಂದು ಎಲೆ ಎತ್ತಿತು, ಮುಷ್ಟಿ ಬಿಗಿಯಿತು. ಎಲೆಯ ಅಂಚು ಪುಡಿಯಾಗಿ ಉದುರಿತು. ನಡುವಿನದು ಅಂಗೈಯಲ್ಲಿ ಮೆತ್ತಗೆ ಉಳಿಯಿತು. ಅವನು ಅದನ್ನು ನೋಡಿದ. ಕೈ ಒದರಿ ಪಂಚೆಗೆ ಒರಸಿಕೊಂಡ.

“ನಂಗ ಗೊತ್ತಿಲ್ಲ ಬುದ್ದಿ.”

“ಅಪ್ಪಾ” ಎಂದು ಜಡಿಯಮ್ಮ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. “ಒಂದೇ ಒಂದ್ ಸಲ ಯೋಳಪ್ಪ. ನಾವ್ ಕಲ್ತ್ಕತೀವಿ. ಸುಟ್ಟವ ಕಟ್ಕಂಡು ಮತ್ತ ಹದಿನೆಂಟು ಮನ ಅವ, ಮಕ್ಳವ.”

“ಗೊತ್ತಿಲ್ಲ ಅಂತ ಮಾದಪ್ಪನ ಮುಂದ ನೆಲ ಮುಟ್ಟಿವ್ನಿ ಕನವ್ವ. ಈಗ ಗೊತ್ತು ಅಂದ್ರ ಅವನ್ನ ಸುಳ್ಳ ಮಾಡ್ದಂಗಾಯ್ತದ. ನಾನ್ ಸುಳ್ಳಾದ್ರ ಆಗ್ಲಿ, ಅವ್ನು ಯಾಕಾದನು?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಗಳು ಜಗಳವಾಡಿಯಾದರೂ ಬಾಯಿ ಬಿಡಿಸುತ್ತಿದ್ದಳು. ಬಸಲಿಂಗಪ್ಪ ಕಾಗದ ಹಿಡಿದು ನಿಂತೇ ಇದ್ದ. ಕೊನೆಗೆ ಕ್ಯಾಲೆಂಡರ್ ನೋಡಿ ಫೆಬ್ರವರಿಯ ಒಂದು ತಾರೀಖು ಹಾಕಿಕೊಂಡು ಹೋದ. ಅಂದು ಸಾಹೇಬರಿಗೆ ಬಿಡುವಿದೆಯಂತೆ. ಅಷ್ಟರಲ್ಲಿ ಎಲೆ ಪೂರ್ತಿ ಪುಡಿಯಾಗುತ್ತದೆ. ಅಚ್ಚುಗೇಗೌಡ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಮಲಗಿದ.

ಬಾಗಿಲು ತೆರೆದೇ ಇದೆ. ಗಾಳಿ ನಿಂತಿದೆ. ಇಬ್ಬನಿ ಮೇಲಿನ ಎಲೆಯಲ್ಲಿ ಆರಿದೆ, ಕೆಳಗಿನದರಲ್ಲಿ ಇನ್ನೂ ಉಳಿದಿದೆ. ಬಾರೆಯ ನೆತ್ತಿಗೆ ಹೋಗಿ ಕೆಳಮುಖವಾಗಿ ಇಡಬೇಕು, ಇವತ್ತೇ, ಇನ್ನೊಂದು ಗಳಿಗೆಯೊಳಗೆ. ನನಗೆ ಗೊತ್ತು. ನಾನು ಯಾವ ದೇವರ ಆಣೆಯನ್ನೂ ಹಾಕಿಲ್ಲ. ಆದರೆ ಕೊಡಲಿಯನ್ನು ಯಾರು ಕೇಳುತ್ತಾರೆ?